ನಕ್ಷೆಯ ಅಂಚಿಗೆ ಬಂದ ಮುದ್ರೆ

"ಕಟ್ಟಿ ಕಟ್ಟಾಕ ಪರ್ಮಿಷನ್ ಏನೂ ಬೇಕಾಗಂಗಿಲ್ಲ. ಇದನ್ನ ಯಾಕ ಬರದೀರಿ?"

ಬಸಲಿಂಗ ಮೌನೇಶ್ವರಿಯ ಜೊತೆ ಆಡಿದ ಮೊದಲ ಮಾತೇ ಇದು.

ಶಹಾಪುರದಲ್ಲಿ ಫರ್ಹತ ಮೇಡಂ ಮನೆಗಳ ನಕ್ಷೆ ಬರೆದುಕೊಡುವ ಆಫೀಸು ಇಟ್ಟಿದ್ದರು. ಅಲ್ಲಿಗೆ ಮೌನೇಶ್ವರಿ ಕೆಲಸ ಕೇಳಿಕೊಂಡು ಬಂದ ದಿನವದು. ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಬರೆದ ನಕ್ಷೆಗಳನ್ನು ಪೆನ್‌ಡ್ರೈವಿನಲ್ಲಿ ತಂದಿದ್ದಳು. ಆಫೀಸಿನ ಎಂಜಿನಿಯರ್ ಬಸಲಿಂಗ ಅವನ್ನೆಲ್ಲ ತನ್ನ ಕಂಪ್ಯೂಟರಿಗೆ ಹಾಕಿಕೊಂಡು ನೋಡುತ್ತಿದ್ದ. ಒಂದು ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಅವನ ಬೆರಳು ನಿಂತಿತು. ಕಟ್ಟೆಯ ಮೂಲೆಯಲ್ಲಿ ಪುಟ್ಟದೊಂದು ವೃತ್ತವಿತ್ತು.

"ಇದೇನು?"

"ಗುಬ್ಬಿ ನೀರು ಕುಡಿಯೋ ಬಟ್ಟಲರಿ."

"ಪರ್ಮಿಷನ್ ಕೊಡೋ ಆಫೀಸ್‌ದವ್ರು ಗುಬ್ಬಿದೂ ಆಧಾರ್ ಕೇಳ್ತಾರ. ತಂದೀರೇನ್?"

ಅವಳ ಮುಖ ಕೆಂಪಾಯಿತು. ಇಂಥವನ ಪಕ್ಕದಲ್ಲಿ ಕೂತು ಎಷ್ಟು ದಿನ ಕೆಲಸ ಮಾಡಲಿ ಅಂದುಕೊಂಡಳು. ಎರಡು ವರ್ಷ ಮಾಡಿದಳು! ಅಷ್ಟರಲ್ಲಿ ಮನಸ್ಸನ್ನೂ ಕೊಟ್ಟುಬಿಟ್ಟಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಅವನೂ ಹೇಳಿರಲಿಲ್ಲ. ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಟೇಬಲ್ಲಿನ ಮೇಲೆ ತೆರೆದುಕೊಳ್ಳುತ್ತಿದ್ದವು.

ಆಮೇಲೆ ಅಂಜನಾ ಬಂದಳು.

ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ, ಒಂದು ತಿಂಗಳ ತರಬೇತಿಗೆ. ನಗುಮುಖ, ಚುರುಕು ಮಾತು, ಕೈಯಲ್ಲಿ ಹೊಸ ಲ್ಯಾಪ್‌ಟಾಪು. "ಸರ್, ಈ ಮೆಟ್ಟಿಲು ಹಿಂಗ ಬರ್ತದೇನ್ರಿ?" ಎಂದು ದಿನಕ್ಕೆ ಹತ್ತು ಸಲ ಕೇಳುವಳು. ಅವನು ಹತ್ತು ಸಲವೂ ಎದ್ದು ಹೋಗುವನು.

ಹೋಗಲಿ, ಪಾಠ ಅಂತ ಬಿಡೋಣ. ಆದರೆ ಒಂದು ಮಧ್ಯಾಹ್ನ, ಮೌನೇಶ್ವರಿ ಕುಟ್ಟಿ ತಂದಿದ್ದ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಅವನು ತನ್ನ ಕೈಯಾರೆ ಅಂಜನಾಳ ರೊಟ್ಟಿಗೆ ಹಾಕಿದ.

"ತಿನ್ನು, ಇಂಥ ಹಿಂಡಿ ಎಲ್ಲೂ ಸಿಗಂಗಿಲ್ಲ."

ನಾನು ಬೆಳಗ್ಗೆ ಐದಕ್ಕೆದ್ದು ಕುಟ್ಟಿದ್ದು ಇವಳಿಗಾ? ಮೌನೇಶ್ವರಿ ತನ್ನ ಡಬ್ಬಿಯನ್ನು ಮುಚ್ಚಿದಳು. ಹೊಗಳಿದ್ದು ತನ್ನನ್ನೇ ಎಂಬುದು ಅವಳ ಕಿವಿಗೆ ಬೀಳಲಿಲ್ಲ. ಹೊಟ್ಟೆಕಿಚ್ಚಿಗೆ ಕಿವಿ ಕಮ್ಮಿ.

ಮರುವಾರ ಇನ್ನೊಂದಾಯಿತು. ಅವರಿಬ್ಬರೂ ಬಸಲಿಂಗನ ಕಂಪ್ಯೂಟರಿಗೆ ತಲೆ ಹಚ್ಚಿ ಏನೋ ನೋಡುತ್ತಿದ್ದರು. ಇವಳು ಹತ್ತಿರ ಬಂದದ್ದೇ ತಡ, ಅವನು ಪಟ್ಟನೆ ಅದನ್ನು ಮುಚ್ಚಿದ. ಅಂಜನಾ ತುಟಿ ಕಚ್ಚಿಕೊಂಡು ನಕ್ಕಳು.

ಆ ಸಂಜೆಯೇ ಮೌನೇಶ್ವರಿ ಕಡೇಚೂರಿನ ಒಂದು ಫ್ಯಾಕ್ಟರಿಗೆ ಅರ್ಜಿ ಕಳಿಸಿದಳು. ನಕ್ಷೆ ಬರೆಯುವ ಕೆಲಸವೇ. ಹತ್ತು ದಿನಕ್ಕೆ ಉತ್ತರ ಬಂತು. ಬರುವುದಾದರೆ ಶುಕ್ರವಾರ ಸಂಜೆ ಐದರೊಳಗೆ ತಿಳಿಸಬೇಕು.

ಆ ಶುಕ್ರವಾರವೇ ಫರ್ಹತ ಮೇಡಂ ದೊಡ್ಡ ಹಾಳೆಯೊಂದನ್ನು ಅವಳ ಮುಂದೆ ಹರಡಿದರು.

"ನೋಡವ್ವಾ ಮೌನಾ. ಸುರಪುರದ ಪರ್ಮಿಷನ್ ಆಫೀಸಿಂದ ವಾಪಸ್ ಬಂದದ."

ಹಾಳೆಯ ನಾಲ್ಕೂ ಅಂಚಿನಲ್ಲಿ ಇಂಗ್ಲಿಷಿನ ಒಂದೇ ಸಾಲು. ಇದು ವಿದ್ಯಾರ್ಥಿಗಳ ಸಾಫ್ಟ್‌ವೇರಿನಲ್ಲಿ ತಯಾರಾದದ್ದು ಅಂತ. ಓದುವವರಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅದು, ದುಡಿಮೆಗೆ ಬಳಸುವಂತಿಲ್ಲ. ಅದರಲ್ಲಿ ಬರೆದ ಒಂದು ಕಿಟಕಿಯನ್ನು ತಂದು ಅಂಟಿಸಿದರೂ ಸಾಕು, ಹೆಪ್ಪು ಬಿದ್ದ ಹಾಲಿನಂತೆ ಇಡೀ ನಕ್ಷೆಗೆ ಆ ಮುದ್ರೆ ಹತ್ತುತ್ತದೆ.

ಮೌನೇಶ್ವರಿ ಮಾಲೀಕರ ಹೆಸರು ಓದಿದಳು. ಬಸಲಿಂಗ, ತಂದೆ ದ್ಯಾವಪ್ಪ.

ಅವನದೇ ಮನೆ!

"ಇವ್ರು ಮನಿ ಕಟ್ಟಾಕತ್ತಾರೇನ್ರಿ?"

"ನಿನಗ ಹೇಳಿಲ್ಲೇನು?" ಮೇಡಂ ಹುಬ್ಬೇರಿಸಿದರು. "ಅಂವ ಭೀಮರಾಯನಗುಡಿಗೆ ಅಳತಿಗೆ ಹೋಗ್ಯಾನ, ಸಂಜಿಗೆ ಬರ್ತಾನ. ಅಷ್ಟರಾಗ ಈ ಮುದ್ರಿ ಎಲ್ಲಿಂದ ಬಂತು ಹುಡುಕಿ ತಗದುಬಿಡು."

ಎಲ್ಲಿಂದ ಅಂತ ಹುಡುಕುವುದೇನು? ಆಫೀಸಿನಲ್ಲಿ ವಿದ್ಯಾರ್ಥಿ ಅಂತ ಇರುವವಳು ಒಬ್ಬಳೇ, ಅಂಜನಾ.

ಊರವರ ಮನೆಗಳನ್ನೆಲ್ಲ ನನ್ನ ಕೈಯಲ್ಲಿ ಬರೆಸಿದ... ತಾನು ಬಾಳುವ ಮನೆಯನ್ನು ಮಾತ್ರ ಅವಳ ಜೊತೆ ಕೂತು ಬರೆದನಾ? ಅಡುಗೆಮನೆ ಎಲ್ಲಿರಬೇಕು ಅಂತ ಅವಳನ್ನು ಕೇಳಿದನಾ?

ಮೌನೇಶ್ವರಿ ಫೋನ್ ತೆಗೆದು ಫ್ಯಾಕ್ಟರಿಗೆ "ಸೋಮವಾರದಿಂದ ಬರುತ್ತೇನೆ" ಎಂದು ಬರೆದಳು. ಕೆಲಸ ಮುಗಿಸಿ, ಅವನ ಮುಖಕ್ಕೆ ಹೊಡೆದ ಹಾಗೆ ತೋರಿಸಿ, ಆಮೇಲೆ ಕಳಿಸೋಣ ಅಂತ ಹಾಗೇ ಇಟ್ಟಳು.

"ಅಂಜನಾ, ಬಸಲಿಂಗ ಅವ್ರ ಮನಿಯಾಗ ನೀ ಏನೇನು ಬರದಿ?"

"ನಾ ಏನೂ ಬರದಿಲ್ಲಕ್ಕಾ. ಬರೇ ನೋಡೀನಿ." ಹುಡುಗಿ ಮತ್ತೆ ತುಟಿ ಕಚ್ಚಿಕೊಂಡಳು. "ಮುಟ್ಟಾಕೂ ಬಿಡಲಿಲ್ಲ ಅವ್ರು."

ಸುಳ್ಳಿ... ಮೌನೇಶ್ವರಿ ಖಾಲಿ ಹಾಳೆ ತೆರೆದಳು. ಮನೆಯ ಒಂದೊಂದೇ ಭಾಗವನ್ನು ಅದಕ್ಕೆ ತಂದು ಹಾಕುವುದು, ಮುದ್ರಿಸಿದರೆ ಹೇಗೆ ಬರುತ್ತದೆ ಅಂತ ನೋಡುವುದು. ಯಾವುದರ ಜೊತೆ ಮುದ್ರೆ ಬಂತೋ ಅದೇ ಕಳ್ಳ.

ಗೋಡೆಗಳನ್ನು ಹಾಕಿದಳು, ಅಂಚು ಶುಭ್ರ. ಮೆಟ್ಟಿಲು, ಅದೂ ಶುಭ್ರ. ಆಮೇಲೆ ಅಡುಗೆಮನೆ ಹಾಕಿದಳು. ಇದೇ ಇರಬೇಕು, ಇಲ್ಲೇ ಅವಳ ಕೈ ಇದೆ ಎಂದು ಹಲ್ಲು ಕಚ್ಚಿ ನೋಡಿದಳು. ಏನೂ ಇಲ್ಲ. ಮಲಗುವ ಕೋಣೆಯನ್ನಂತೂ ಎರಡೆರಡು ಸಲ ಪರೀಕ್ಷಿಸಿದಳು, ನಾಚಿಕೆಗೇಡು.

ಉಳಿದದ್ದು ಅಂಗಳ. ಅಲ್ಲಿದ್ದ ಒಂದೇ ಒಂದು ತುಣುಕನ್ನು ತಂದು ಹಾಕಿದಳು.

ನಾಲ್ಕೂ ಅಂಚಿನಲ್ಲಿ ಮುದ್ರೆ ಎದ್ದು ನಿಂತಿತು.

ಸಿಕ್ಕಿಬಿದ್ದಿ! ಅವಳು ಆ ತುಣುಕನ್ನು ದೊಡ್ಡದು ಮಾಡಿದಳು. ಬೇವಿನ ಮರ, ಸುತ್ತ ಕಟ್ಟೆ. ಕಟ್ಟೆಯ ಮೂಲೆಯಲ್ಲಿ ಒಂದು ಪುಟ್ಟ ವೃತ್ತ.

ಗುಬ್ಬಿ ನೀರು ಕುಡಿಯುವ ಬಟ್ಟಲು.

ಪಾಲಿಟೆಕ್ನಿಕ್ಕಿನ ದಿನಗಳಲ್ಲಿ ಅದನ್ನು ಬರೆದವಳು ತಾನೇ. ಕೆಲಸ ಕೇಳಲು ಬಂದ ದಿನ ಅವನು ತನ್ನ ಕಂಪ್ಯೂಟರಿಗೆ ಹಾಕಿಕೊಂಡದ್ದು ಇದನ್ನೇ. ಆಗ ತಾನೂ ವಿದ್ಯಾರ್ಥಿನಿಯೇ. ತನ್ನ ಸಾಫ್ಟ್‌ವೇರೂ ಪುಕ್ಕಟೆಯದೇ! ಇಷ್ಟು ದಿನ ಯಾರ ಮೇಲೆ ಉರಿದುಕೊಂಡೆ ನಾನು? ಕಣ್ಣಲ್ಲಿ ನೀರು ಬಂತು, ಅದರ ಜೊತೆ ನಗುವೂ ಬಂತು. ಎರಡನ್ನೂ ದುಪಟ್ಟಾದಲ್ಲಿ ಒರೆಸಿಕೊಂಡಳು.

"ಸಿಕ್ತೇನಕ್ಕಾ?" ಎಂದಳು ಅಂಜನಾ ಮೆಲ್ಲಗೆ.

"ಸಿಕ್ತು. ನಾಳೆ ಹಿಂಡಿ ಜಾಸ್ತಿ ತರ್ತೀನಿ, ತಿನ್ನುವಂತಿ."

ಫೋನಿನಲ್ಲಿ ಬರೆದಿಟ್ಟಿದ್ದನ್ನು ಅಳಿಸಿ, ಬರಲಾಗುವುದಿಲ್ಲ ಎಂದು ಫ್ಯಾಕ್ಟರಿಗೆ ತಿಳಿಸಿದಳು. ಆಮೇಲೆ ಆಫೀಸಿನ ಸಾಫ್ಟ್‌ವೇರಿನಲ್ಲಿ ಕಟ್ಟೆಯನ್ನು ಹೊಸದಾಗಿ ಬರೆಯಲು ಕೂತಳು.

ಸಂಜೆ ಬಸಲಿಂಗ ಬಂದ. ತಲೆತುಂಬ ಧೂಳು. ತನ್ನ ಮನೆ ಅವಳ ಪರದೆಯ ಮೇಲಿರುವುದನ್ನು ಕಂಡು ಬಾಗಿಲಲ್ಲೇ ನಿಂತ.

"ಎಲ್ಲಾರ ಮನೀನೂ ನನ್ನ ಕೈಲೆ ಬರೆಸಿದ್ರಿ. ಇದನ್ಯಾಕ ಬಚ್ಚಿಟ್ರಿ?"

ಅವನು ಕೈಯಲ್ಲಿದ್ದ ಅಳತೆಯ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ನಿನ್ನ ಕೈಗೆ ಕೊಟ್ರ ಮನಿಯಾಗ ಯಾರ್ಯಾರು ಇರ್ತೀರಿ ಅಂತ ಕೇಳ್ತಿದ್ದಿ. ಎಲ್ಲಾರಿಗೂ ಕೇಳ್ತಿ. ಏನಂತ ಹೇಳ್ಲಿ?"

"ಖರೇ ಏನದ, ಅದನ್ನ ಹೇಳ್ರಿ."

"ಅಪ್ಪ, ಅವ್ವ, ನಾ... ಮತ್ತ ಈ ಕಟ್ಟಿ ಬರದಾಕಿ. ಆಕಿ ಒಪ್ಪಿದ್ರ."

ಅವಳು ಹಾಳೆಯನ್ನು ಮುದ್ರಿಸಿ ಅವನ ಕೈಗಿಟ್ಟಳು. ನಾಲ್ಕೂ ಅಂಚು ಬಿಳಿ. ಅವನು ನೋಡಿದ, ನೋಡಿ ಹುಬ್ಬು ಗಂಟಿಕ್ಕಿದ.

"ಕಟ್ಟಿ ಯಾಕ ದೊಡ್ಡದಾಗ್ಯದ?"

"ಮೊದ್ಲಿಂದು ಒಬ್ಬರೇ ಕೂಡೋವಷ್ಟಿತ್ತು. ಓದೋವಾಗ ಬರದಿದ್ದು, ಆಗ ನನಗೇನು ಗೊತ್ತು?"

ಅವನು ಹಾಳೆಯನ್ನು ಕೆಳಗಿಳಿಸಿ ಅವಳ ಮುಖ ನೋಡಿದ.

"ಮತ್ತ ಗುಬ್ಬಿ?"

"ಇರ್ಲಿ ಬಿಡ್ರಿ," ಎಂದಳು ಮೌನೇಶ್ವರಿ. "ಅದರ ಆಧಾರ್ ನಾ ಮಾಡಿಸ್ತೀನಿ."