ಕಾಂಪೌಂಡರ್ ಬರುವ ದಾರಿ

ಚೂರಿಯ ತುದಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

ಕಾರು ನನ್ನದೇ. ಹಿಂದಿನ ಸೀಟಿನಲ್ಲಿ ಗಿಡ್ಡ!

ಮೂರು ವರ್ಷ ನನಗೆ ಕದ್ದ ನೋವಿನ ಮಾತ್ರೆ ಮಾರಿದವನು ಇವನೇ. ಅಪಘಾತದಲ್ಲಿ ನನ್ನ ಮೊಣಕಾಲು ಪುಡಿಯಾಗಿತ್ತು. ಡಾಕ್ಟರು ಬರೆದ ಮಾತ್ರೆ ಮುಗಿಯಿತು, ಚಟ ಮುಗಿಯಲಿಲ್ಲ. ಆಮೇಲೆ ಗಿಡ್ಡನೇ ನನ್ನ ಡಾಕ್ಟರು.

"ಏನ್ ಗುರು, ನಮ್ಮನ್ನ ಮರೆತೇಬಿಟ್ಟೆ?"

"ಕ್ಲಿನಿಕ್‌ಗೆ ಹೊತ್ತಾಯ್ತು. ಇಳಿ."

"ಹೋಗುವಂತೆ. ನನ್ನ ಅರ್ಧ ಗಿರಾಕಿಗಳು ಅಲ್ಲೇ ಸಾಲು ನಿಂತಿದಾರೆ. ಆ ಕಾಂಪೌಂಡರ್ ಕೈಗೆ ಸ್ವಲ್ಪ ರಜ ಕೊಡೋಣ ಅಂತ... ಹತ್ತೂವರೆಗೆ ಎಲ್ಲೋ ಹೋಗ್ತಾನಂತೆ. ಯಾವ ದಾರಿ?"

"ನನಗೇನು ಗೊತ್ತು?"

ಗಿಡ್ಡ ನಕ್ಕ. "ನಿನ್ನ ಹೆಂಡತಿ ಈಗ ಇರೋದು ಅವನ ಮನೇಲಿ. ನೀನು ಪತ್ತೇದಾರ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು!

ಆರು ತಿಂಗಳಿಂದ ಅವನ ಬೆನ್ನು ಹತ್ತಿದ್ದೆ. ಯಾರೂ ಹೇಳಿರಲಿಲ್ಲ. ಹೊಟ್ಟೆಕಿಚ್ಚೇ ನನ್ನ ಕ್ಲೈಂಟ್! ದಿನಾ ಹತ್ತೂವರೆಗೆ ಅವಳ ಹೊಲಿಗೆ ಅಂಗಡಿಗೆ ಹೋಗುತ್ತಿದ್ದ. ಇಬ್ಬರೂ ಟೀ ಕುಡಿಯುತ್ತಿದ್ದರು. ಅವಳು ಎಷ್ಟು ಸಲ ನಕ್ಕಳು ಅನ್ನುವುದೂ ನನ್ನ ಡೈರಿಯಲ್ಲಿತ್ತು.

"ಹಳೇ ಗೋದಾಮಿನ ಓಣಿ," ಅಂದೆ.

ನಿಮ್ಮ ಹತ್ತಿರ ಸುಳ್ಳೇಕೆ? ಚೂರಿಗೆ ಹೆದರಿ ಹೇಳಿದ್ದಲ್ಲ.

ಗಿಡ್ಡ ಇಳಿದುಹೋದ. ಚಟ ಬಿಡಿಸುವ ಕ್ಲಿನಿಕ್ ತಲುಪಿದಾಗ ಹತ್ತು ಇಪ್ಪತ್ತು. ಕಾಂಪೌಂಡರ್ ಹೊಸ ಶರ್ಟು ಹಾಕಿದ್ದ. ಕಾಲರಿನ ಅಂಚಿಗೆ ಎರಡೆರಡು ಸಾಲು ಹೊಲಿಗೆ. ಅವಳ ಕೈಕೆಲಸ. ಒಂದು ಕಾಲಕ್ಕೆ ನನ್ನ ಶರ್ಟಿಗೂ ಹಾಗೇ ಹಾಕುತ್ತಿದ್ದಳು.

"ಮಾತ್ರೆ ನಾಲಗೆ ಕೆಳಗೆ ಇಟ್ಕೊಳ್ಳಿ. ಹತ್ತು ನಿಮಿಷ ಮಾತಾಡ್ಬೇಡಿ, ನುಂಗ್ಬೇಡಿ."

ಹೆಂಡತಿಯನ್ನು ಕರೆದೊಯ್ದವನ ಮುಂದೆ ದಿನಾ ಮಗುವಿನ ಹಾಗೆ ಬಾಯಿ ತೆರೆಯಬೇಕು!

ಕರೆದೊಯ್ದ ಅನ್ನುವುದೂ ನನ್ನ ಮಾತು. ಅವಳು ತಾನೇ ಮನೆ ಬಿಟ್ಟಿದ್ದಳು. ಅದು ನನಗೆ ಗೊತ್ತಾಗಿದ್ದು ಎರಡು ದಿನದ ಮೇಲೆ... ಅಷ್ಟು ಮತ್ತಿನಲ್ಲಿದ್ದೆ! ಇವನು ಅವಳಿಗೆ ಸಿಕ್ಕಿದ್ದು ವರ್ಷ ಕಳೆದ ಮೇಲೆ.

ಈ ಮಾತ್ರೆ ಮಾತ್ರ ಹದಿನಾಲ್ಕು ತಿಂಗಳಿಂದ ನನ್ನನ್ನು ನೆಟ್ಟಗೆ ನಿಲ್ಲಿಸಿತ್ತು. ನಡುಕವಿಲ್ಲ, ವಾಂತಿಯಿಲ್ಲ, ಗಿಡ್ಡನ ಬಾಗಿಲು ಬಡಿಯುವುದಿಲ್ಲ.

ಪಕ್ಕದಲ್ಲಿ ಕೂತ ಲಾರಿ ಡ್ರೈವರ್ ಗೊಣಗಿದ. "ಒಂದು ಚಟ ಬಿಟ್ಟು ಇನ್ನೊಂದು ಹಿಡ್ಕೊಂಡೆ ಅಂತಾರೆ ಸಾರ್, ನಮ್ಮ ಮಾವ."

"ನಿಮ್ಮ ಮಾವ ಬಿಪಿ ಮಾತ್ರೆ ತಗೊಳ್ತಾರಾ?" ಕಾಂಪೌಂಡರ್ ಕೇಳಿದ.

"ದಿನಾ."

"ಇದೂ ಹಾಗೇ. ಮೊನ್ನೆ ಮಗಳನ್ನ ಶಾಲೆಗೆ ಬಿಟ್ಟು ಬಂದ್ರಲ್ಲ... ಹೋದ ವರ್ಷ ಆಗ್ತಿತ್ತಾ?"

ಡ್ರೈವರ್ ಕಣ್ಣೊರೆಸಿಕೊಂಡ.

ಮಾತೂ ಚೆನ್ನಾಗಿ ಆಡುತ್ತಿದ್ದ, ದರಿದ್ರದವನು!

"ಉಳಿದವರು ಕೂತಿರಿ. ಅರ್ಧ ಗಂಟೇಲಿ ಬಂದೆ." ಕಾಂಪೌಂಡರ್ ಹೊರಟ.

ಬೆಂಚಿನ ಮೇಲೆ ಇನ್ನೂ ಹನ್ನೆರಡು ಜನ. ಮಾತ್ರೆಯ ಬೀರುವಿನ ಬೀಗದ ಕೈ ಅವನೊಬ್ಬನ ಹತ್ತಿರ. ಆ ಕೈ ಮುರಿದರೆ ಸಂಜೆಯೊಳಗೆ ಇವರೆಲ್ಲ ಗಿಡ್ಡನ ಬಾಗಿಲಲ್ಲಿ!

ಒಂದು ನಿಮಿಷ ಕೂತೆ. ಎರಡು...

ಮೂರನೇ ನಿಮಿಷಕ್ಕೆ ಎದ್ದೆ.

"ಎಲ್ಲಿಗೆ? ಬಾಯಲ್ಲಿ ಮಾತ್ರೆ ಇದೆ!" ನರ್ಸ್ ಕೂಗಿದಳು.

ಓಡಿದೆ! ಮೊಣಕಾಲು ಹೆಜ್ಜೆಹೆಜ್ಜೆಗೂ ಶಾಪ ಹಾಕಿತು. ಓಣಿಯ ತಿರುವಿನಲ್ಲಿ ಅವನ ಬೆನ್ನು ಕಂಡಿತು... ಗೋಡೆಯ ಮರೆಯಿಂದ ಕಬ್ಬಿಣದ ರಾಡು ಮೇಲೆದ್ದಿತು.

"ಬಗ್ಗು!" ಕಿರುಚಿದೆ. ಅರ್ಧ ಕರಗಿದ ಮಾತ್ರೆ ನೆಲಕ್ಕೆ ಬಿತ್ತು.

ರಾಡು ತಲೆ ತಪ್ಪಿಸಿ ಅವನ ಎಡಗೈಗೆ ಬಡಿಯಿತು. ನಾನು ಗಿಡ್ಡನ ಮೇಲೆ ಮೂಟೆಯಂತೆ ಬಿದ್ದೆ.

"ಲೋ! ದಾರಿ ಹೇಳಿದ್ದೇ ನೀನಲ್ವಾ?" ಗಿಡ್ಡ ಅರಚಿದ.

"ಹೌದು ಕಣೋ! ನಾನೇ!"

ಅವನ ರಾಡು ನನ್ನ ಹಣೆ ಒಡೆಯಿತು. ನನ್ನ ಮುಷ್ಟಿ ಅವನ ದವಡೆ ಒಡೆಯಿತು. ಗೋದಾಮಿನ ಹಮಾಲರು ಓಡಿಬಂದು ಅವನನ್ನು ಅದುಮಿ ಹಿಡಿದರು.

ಗಲಾಟೆ ಕೇಳಿ ಹೆಂಡತಿ ಅಂಗಡಿಯಿಂದ ಬಂದಳು. ಕೊರಳಲ್ಲಿ ಅಳತೆಯ ಟೇಪು. ಅವನ ಕೈ ನೋಡಿದಳು. ನನ್ನ ಹಣೆಯಿಂದ ರಕ್ತ ಸುರಿಯುತ್ತಿತ್ತು... ಅವಳ ಕಣ್ಣಿಗೇ ಬೀಳಲಿಲ್ಲ!

ಆಮೇಲೆ ನನ್ನತ್ತ ತಿರುಗಿದಳು. "ಇವ್ರು ಬರೋ ದಾರಿ ಅವನಿಗೆ ಹೇಗೆ ಗೊತ್ತಾಯ್ತು?"

ನನ್ನ ಕಸುಬು ಅವಳಿಗೆ ಗೊತ್ತಿಲ್ಲವೇ?

"ದಿನಾ ಬರೋ ದಾರಿ, ಯಾರಿಗಾದ್ರೂ ಗೊತ್ತಾಗತ್ತೆ," ಅಂದ ಕಾಂಪೌಂಡರ್. "ಇವರು ಬಂದಿದ್ದಕ್ಕೆ ತಲೆ ಉಳೀತು."

ಗಿಡ್ಡ ಅರಚಿದ್ದು ಅವನಿಗೆ ಕೇಳಿಸಿತ್ತು. ನಾನು ಒಪ್ಪಿದ್ದೂ!

"ಮಾತ್ರೆ ಉಗಿದುಬಿಟ್ರಿ," ಅಂದ ನನಗೆ. "ಬನ್ನಿ, ಡಾಕ್ಟರನ್ನ ಕೇಳೋಣ. ಇವತ್ತಿನದು ತಪ್ಪಬಾರದು."

ಹೆಂಡತಿಯನ್ನು ಒಯ್ದಿದ್ದ. ಈಗ ಅವನ ಮೇಲೆ ನನಗಿದ್ದ ದ್ವೇಷವನ್ನೂ ಒಯ್ದ.

ನೀವೇ ಹೇಳಿ... ಇಂಥ ಕಳ್ಳನ ಮೇಲೆ ಯಾವ ಸ್ಟೇಷನ್ನಿನಲ್ಲಿ ಕಂಪ್ಲೇಂಟ್ ತಗೊಳ್ತಾರೆ?