ಬನ್ನಿ ಎಂದ ಬಾಯಿ

"ಬೀಗ ನಿಮ್ಮ ಕೈಯಿಂದ ಹಾಕ್ಬೇಡಿ ಅಳಿಯಂದಿರೇ," ಎಂದರು ಅತ್ತೆ. "ಹಾಕಿದ್ರೂ, ಅವಳು ಬರ್ತೀನಿ ಅಂದಾಗ ಬನ್ನಿ ಅಂತ ಮಾತ್ರ ಅನ್ಬೇಡಿ."

ಅಳಿಯ ನಕ್ಕ. ಮನೆಯಳಿಯನಾಗಿ ಬಂದು ವರ್ಷ ತುಂಬಿರಲಿಲ್ಲ. ಆಗಲೇ ಕೆಳಗಿನ ಬಾಡಿಗೆಮನೆಯ ಉಸ್ತುವಾರಿ ಅವನದು; ಅಲ್ಲಿದ್ದ ಟೈಲರಮ್ಮನನ್ನು ಇವತ್ತೇ ಹೊರಹಾಕುತ್ತೇನೆಂದು ಹೊರಟಿದ್ದ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಹಿಂದೊಮ್ಮೆ ಹೀಗೇ ಬೀದಿಪಾಲಾದ ಬಾಡಿಗೆಯವಳೊಬ್ಬಳು ಆ ಮನೆಯ ಹೊಸಿಲ ಕೆಳಗೆ ಏನನ್ನೋ ಮಂತ್ರಿಸಿ ಹೂತು ಹೋಗಿದ್ದಳೆಂದು, ಬೀಗ ಹಾಕಿದವನೇ ಬನ್ನಿ ಎಂದರೆ ಅದು ಅವನ ಹಿಂದೆಯೇ ಬರುತ್ತದೆಂದು ಅತ್ತೆಯ ನಂಬಿಕೆ.

"ಬಾಡಿಗೆ ಬಾಕಿ ಇದ್ರೆ ನೋಟಿಸ್ ಕೊಡಿ. ಕಟ್ಟೋಕೆ ಟೈಮ್ ಕೊಡಿ. ಆಮೇಲೂ ಖಾಲಿ ಮಾಡ್ಸೋದು ಕೋರ್ಟಿನೋರ ಕೆಲ್ಸ, ನಮ್ದಲ್ಲ."

"ಮಾಟಕ್ಕೂ ಕೋರ್ಟಿನ ಆರ್ಡರ್ ಬೇಕಾ ಅತ್ತೆ?"

ಆ ಮಧ್ಯಾಹ್ನ ಟೈಲರಮ್ಮ ಗುಂಡಿ ತರಲು ಅಂಗಡಿಗೆ ಹೋದದ್ದೇ ತಡ, ಅವನು ಕರೆಂಟು ತೆಗೆಸಿದ. ಆಳುಗಳು ಸಾಮಾನೆಲ್ಲ ಬೀದಿಗೆ ತಂದಿಟ್ಟರು: ಹೊಲಿಗೆ ಮಿಷಿನ್, ತೋಳಿಲ್ಲದ ಅಂಗಿಗಳು, ಹಾಸಿಗೆ ಹಿಡಿದ ಅವಳ ತಾಯಿಯ ಮಲದ ಪಾತ್ರೆ. ಆ ಮುದುಕಿಯನ್ನೂ ಕುರ್ಚಿ ಸಮೇತ ಎತ್ತಿಸಿದ. ನೆರಳು ನೋಡಿಯೇ ಕೂರಿಸಿದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಾಗಿಲಿಗೆ ಹೊಸ ಬೀಗ ಜಡಿದ.

ಟೈಲರಮ್ಮ ಬಂದಳು. ಅತ್ತಿತ್ತ ನೋಡಿದಳು. ಮೊದಲು ಆ ಪಾತ್ರೆಗೆ ಬಟ್ಟೆ ಮುಚ್ಚಿದಳು.

"ಬಾಡಿಗೆ ಕೊಡದೆ ಎಷ್ಟು ದಿನ ಅಂತ ಇರ್ತೀರಿ?" ಎಂದ, ಅಕ್ಕಪಕ್ಕದವರಿಗೂ ಕೇಳಲಿ ಎಂದು.

"ತಂದಿದ್ದೆ. ನಿಮಗೆ ಗೊತ್ತು," ಎಂದಳು, ಅವನಿಗಷ್ಟೇ ಕೇಳುವಂತೆ.

ಅವನು ಕೇಳಿಸದವನಂತೆ ಬೀಗ ಜಗ್ಗಿ ನೋಡಿದ. ತಳ್ಳುಗಾಡಿ ಬಂತು. ಹೊರಡುವಾಗ ಅವಳು ತಾಯಿಯ ಸೆರಗು ಸರಿಮಾಡಿ, ಅವನತ್ತ ತಿರುಗಿ, "ಬರ್ತೀನಿ," ಎಂದಳು. ಬೀದಿಗೆ ಬೀದಿಯೇ ನೋಡುತ್ತಿತ್ತು. ನಾಚಿಕೆಗೆ ನಾಲಿಗೆ ಮೆತ್ತಗಾಗಿತ್ತು. ಹುಟ್ಟಿದಾಗಿನಿಂದ ಆಡಿದ ಮಾತು, ಬೇಡವೆಂದರೆ ನಿಂತೀತೆ?

"ಬನ್ನಿ," ಎಂದುಬಿಟ್ಟ.

ಮುಸ್ಸಂಜೆಗೆ ತನ್ನ ಕೋಣೆ ಸೇರಿ ಚಿಲಕ ಹಾಕಿಕೊಂಡ. ಮೊದಲು ಮಿಷಿನ್ ಎಣ್ಣೆಯ ವಾಸನೆ. ಆಮೇಲೆ ಇಸ್ತ್ರಿಯ ಕೆಳಗೆ ಹಬೆಯಾಡುವ ಒದ್ದೆ ಬಟ್ಟೆಯದು. ಆಮೇಲೆ ಆ ಪಾತ್ರೆಯದು. ದೀಪ ಆರಿತು. ಹಜಾರದ ಬೆಳಕು ಮಾತ್ರ ಬಾಗಿಲ ಸಂದಿಯಲ್ಲಿ ಹಾಗೇ ಇತ್ತು. ಮಂಚದ ಕೆಳಗಿಂದ ಟಕಟಕಟಕ ಎಂದು ಹೊಲಿಗೆ ಶುರುವಾಯಿತು. ಪಕ್ಕದಲ್ಲೇ ಮುದುಕಿಯೊಬ್ಬಳು ಕೆಮ್ಮಿದಳು.

ಚಿಲಕ ಎಳೆದ. ಚಿಲಕ ಬಂತು, ಬಾಗಿಲು ಬರಲಿಲ್ಲ. ಹೊರಗೆ ಬೀಗ ಅಲ್ಲಾಡಿದ ಸದ್ದು. ಆ ಬಾಗಿಲಿಗೆ ಬೀಗದ ಕೊಂಡಿಯೇ ಇರಲಿಲ್ಲ.

"ಒಳಗೆ ಯಾರು ಹೊಲೀತಿರೋದು?" ಹೆಂಡತಿಯ ದನಿ.

"ನಾನು ಕಣೇ. ಬಾಗ್ಲು ತೆಗಿ."

"ಅಮ್ಮಾ, ಇವ್ರ ದನೀನೇ ಇಲ್ಲ. ಬರೀ ಮಿಷಿನ್ ಸದ್ದು."

ಮೆಟ್ಟಿಲ ಮೇಲೆ ಕಾಲ ಸಪ್ಪಳ. ಬೀದಿಯವರೂ ಬಂದರು. ಅತ್ತೆ ಬಾಗಿಲಿಗೆ ಬಾಯಿ ಹಚ್ಚಿ ಹೇಳಿದರು: "ಬನ್ನಿ ಅಂದ್ರಾ? ಹಾಗಿದ್ರೆ ನಿಜ ಹೇಳ್ಬಿಡಿ. ನಿಜ ಒಂದೇ ಈಚೆ ಬರೋದು."

ಅಷ್ಟು ಜನರೆದುರು? ಹೆಂಡತಿಯೆದುರು? ಅವನು ಹಲ್ಲು ಕಚ್ಚಿದ. ಸದ್ದು ಹತ್ತಿರವಾಯಿತು. ಮೊಣಕಾಲಿಗೆ ಬಂತು. ಎದೆಗೆ ಬಂತು. ತಣ್ಣನೆಯದೊಂದು ಕೆಳತುಟಿಗೆ ತಾಕಿತು. ಸೂಜಿ. ಒಂದು ಹೊಲಿಗೆ ಬಿತ್ತು. ಬಾಯಲ್ಲಿ ರಕ್ತ. ಇನ್ನೊಂದಕ್ಕೆ ಸೂಜಿ ಎದ್ದಿತು.

"ಬಾಡಿಗೆ ತಂದಿದ್ರು. ನಾನೇ ತಗೊಳ್ಳಲಿಲ್ಲ. ಹೆಚ್ಚಿಗೆ ಕೊಡೋರು ಸಿಕ್ಕಿದ್ರು."

ಬಾಗಿಲು ತೆರೆಯಿತು. ಹೆಂಡತಿ ಅವನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

ಮರುದಿನ ಅತ್ತೆ ಟೈಲರಮ್ಮನನ್ನು ವಾಪಸು ಕರೆಸಿದರು. ಸಾಮಾನನ್ನೆಲ್ಲ ಅವನೇ ಹೊತ್ತು ಒಳಗಿಟ್ಟ. ಅಲ್ಲಿಗೆ ಮುಗಿಯಿತು ಎಂದುಕೊಂಡ. ಮಧ್ಯಾಹ್ನ ಹೆಂಡತಿ, "ಬಡಿಸ್ಲಾ?" ಎಂದಳು. ಹೂಂ ಎನ್ನಲು ಬಾಯಿ ತೆರೆದ.

"ಬಾಡಿಗೆ ತಂದಿದ್ರು. ನಾನೇ ತಗೊಳ್ಳಲಿಲ್ಲ."

ಕ್ಷೌರದಂಗಡಿಯಲ್ಲೂ ಅದೇ. ಆಫೀಸಿನಲ್ಲಿ ಸಾಹೇಬರು ಹೆಸರು ಹಿಡಿದು ಕರೆದಾಗಲೂ ಅದೇ. ಬೇರೆ ಯಾವ ಮಾತೂ ಅವನ ಬಾಯಿಂದ ಹೊರಡಲಿಲ್ಲ. ಜನ ಮೊದಮೊದಲು ನಕ್ಕರು. ಆಮೇಲೆ ಅವನು ಮಾತಾಡುವುದನ್ನೇ ಬಿಟ್ಟ.

ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಕೂಸನ್ನು ಅವನ ತೋಳಿಗಿಟ್ಟಳು. ಕೂಸು ಕಣ್ಣು ಬಿಟ್ಟು ಅವನನ್ನೇ ನೋಡಿತು. ಮುದ್ದಿನ ಮಾತು ಗಂಟಲವರೆಗೆ ಉಕ್ಕಿ, ಅವನಿಗೇ ತಿಳಿಯದಂತೆ ತುಟಿ ಅಲುಗಿತು.

ಹೆಂಡತಿ ಕೈ ಚಾಚಿ ಮಗುವಿನ ಕಿವಿಗಳನ್ನು ಮುಚ್ಚಿದಳು.