ಮೇಲಿನ ಕೆರೆಗೆ ಒಂಟಿ ತೆಪ್ಪ

ಇಡೀ ರಾತ್ರಿ ಜಿಟಿಜಿಟಿ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ನಿಂತಿತ್ತು. ಗಾಳಿ ಮಾತ್ರ ನಿಂತಿರಲಿಲ್ಲ. ನಜೀರ್ ಸಾಬರ ಅಂಗಳದಲ್ಲಿ ತೂಗುಹಾಕಿದ್ದ ಮೀನಿನ ಬಲೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಮೋಡದ ಸಂದಿಯಿಂದ ಒಂದು ಚೂರು ಬಿಸಿಲು ಇಣುಕಿ, ಅಲ್ಲಿ ಬೋರಲು ಹಾಕಿದ್ದ ಎರಡು ದುಂಡನೆಯ ತೆಪ್ಪಗಳ ಬೆನ್ನ ಮೇಲೆ ಬಿತ್ತು.

"ಬೇಗ ಆರಿಸ್ಕೊಳ್ಳೇ ಗಂಗೀ. ಸೀರೆ ಅಂಗಡೀಲಿ ಸೀರೆ ನೋಡ್ದಂಗೆ ನೋಡ್ತಾ ನಿಂತಿದೀಯಲ್ಲ!" ಎಂದ ಸುಹೇಲ್.

"ಸುಮ್ನಿರೋ. ಹೊರೋಳು ನಾನು, ನೀನಲ್ಲ," ಎಂದಳು ಗಂಗಾಶ್ರೀ.

ಇಬ್ಬರೂ ಆರನೇ ಕ್ಲಾಸು. ಸುಹೇಲನ ಅಪ್ಪ ನಜೀರ್ ಸಾಬರು ಊರಿನ ಕೆಳಗಿನ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ತೆಪ್ಪಗಳೆಲ್ಲ ಅವರವೇ.

ಅಂದು ಶ್ರಾವಣದ ಎರಡನೇ ಸೋಮವಾರ. ಈಶ್ವರ ಗುಡಿಗೆ ಮೇಲಿನ ಕೆರೆಯ ತಾವರೆ ತರುವ ಸರದಿ ಗಂಗಾಶ್ರೀಯ ಮನೆಯದು. ಹೂ ತರುವವರು ಒಬ್ಬರೇ ನೀರಿಗಿಳಿಯಬೇಕು. ತೆಪ್ಪವನ್ನೂ ಅವರೇ ಹೊರಬೇಕು. ಅಪ್ಪನೇ ಇರಲಿ, ಅಣ್ಣನೇ ಇರಲಿ, ಇನ್ನೊಬ್ಬರು ಕೈ ಹಚ್ಚುವಂತಿಲ್ಲ.

ಹಿಂದೆ ಅಜ್ಜಿ ದ್ಯಾಮಮ್ಮ ಹೂ ತರುತ್ತಿದ್ದಳು. ಆಮೇಲೆ ಕೆರೆಯಲ್ಲಿ ಹೂಳು ತುಂಬಿ ತಾವರೆಯೇ ಇಲ್ಲವಾಯಿತು. ಇಪ್ಪತ್ತೆರಡು ವರ್ಷ ಗುಡಿಗೆ ಅಂಗಡಿಯ ಸೇವಂತಿಗೆಯೇ ಗತಿಯಾಯಿತು. ಮೂರು ವರ್ಷದ ಹಿಂದೆ ಹೂಳು ತೆಗೆದರು. ಈ ಸಲ, ಯಾರೂ ನೆಡದೆ, ಯಾರನ್ನೂ ಕೇಳದೆ, ತಾವರೆ ಮತ್ತೆ ನೀರಿನ ಮೇಲೆ ತಲೆ ಎತ್ತಿತ್ತು.

"ನನ್ನ ಮೊಮ್ಮಗಳು ತರ್ತಾಳೆ," ಎಂದು ಅಜ್ಜಿ ಊರವರ ಮುಂದೆ ಹೇಳಿಬಿಟ್ಟಿದ್ದಳು. ಅಪ್ಪನಿಗೆ ಮಾತ್ರ ಧೈರ್ಯ ಸಾಲದು. "ಎಂಟೂವರೆಯೊಳಗೆ ಹೂ ಬರ್ಲಿಲ್ಲ ಅಂದ್ರೆ ಆನವಟ್ಟಿಗೆ ಹೋಗಿ ಸೇವಂತಿಗೆ ತಂದ್ಬಿಡ್ತೀನಿ," ಎಂದು ಬೈಕಿನ ಕೀ ಹಿಡಿದುಕೊಂಡೇ ಜಗಲಿಯಲ್ಲಿ ಕೂತಿದ್ದ. ಹಾಗೇನಾದರೂ ಆದರೆ ಅಜ್ಜಿಯ ಮಾತು ಬಿದ್ದುಹೋಗುತ್ತದೆ. ಗಂಗಾಶ್ರೀಗೆ ಅದೇ ಚಿಂತೆ.

"ನೋಡವ್ವಾ," ಎಂದರು ನಜೀರ್ ಸಾಬರು. "ಇದು ಬಿದಿರಿಂದು. ಅಡಿಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದೀನಿ. ನೀರಾಗೆ ಅಲ್ಲಾಡಲ್ಲ. ಆದ್ರೆ ಏರಿ ಹತ್ತಿಸ್ಬೇಕಲ್ಲ? ಇದು ಫೈಬರಿಂದು, ಒಬ್ಬರೇ ಕೂರೋ ಅಂಥದ್ದು. ಎತ್ತೋಕೆ ಬಾಳ ಹಗುರ. ಯಾವುದಾಗ್ತದೋ ನೀನೇ ನೋಡ್ಕೋ."

ಗಂಗಾಶ್ರೀ ಬಿದಿರಿನ ತೆಪ್ಪದ ಕೆಳಗೆ ನುಗ್ಗಿ, ತಲೆ ಕೊಟ್ಟು ಏಳಲು ನೋಡಿದಳು. ಅರ್ಧ ಏಳುವಷ್ಟರಲ್ಲಿ ತೆಪ್ಪ ಕೆಳಕ್ಕೆ ಒತ್ತಿತು. ಹಾಗೇ ಕುಸಿದು ಕೂತಳು.

"ಆಮೆ ಎದ್ದಂಗಾಯ್ತು, ಮತ್ತೆ ಮಲಗ್ದಂಗಾಯ್ತು!" ಸುಹೇಲ್ ಚಪ್ಪಾಳೆ ಹೊಡೆದ. "ಟ್ಯೂಬ್ ತಗೊಂಡು ಹೋಗೇ. ಟ್ರ್ಯಾಕ್ಟರ್ ಟ್ಯೂಬು. ಒಂದೇ ಕೈಲಿ ಹಿಡ್ಕೊಂಡು ಓಡ್ಬಹುದು."

"ಹೂ ಎಲ್ಲಿಡ್ಲಿ? ನಿನ್ನ ತಲೆ ಮೇಲಾ?"

ಫೈಬರ್ ತೆಪ್ಪ ಒಂದೇ ಏಟಿಗೆ ಮೇಲೆದ್ದಿತು. ಗಂಗಾಶ್ರೀಯ ಮುಖ ಅರಳಿತು. "ಇದೇ ಸಾಕು!"

ಹುಟ್ಟುಗಳಲ್ಲಿ ಎಲ್ಲಕ್ಕಿಂತ ಉದ್ದದ್ದಕ್ಕೆ ಅವಳು ಕೈ ಹಾಕಿದಾಗ, ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಬಾಯಿಬಿಟ್ಟಳು. "ಅದು ನಿಂತು ಹುಟ್ಟು ಹಾಕೋರಿಗೆ ಕಣೇ. ನೀನು ಮೊಣಕಾಲೂರಿ ಕೂರೋಳು. ಕೂತಾಗ ಗಲ್ಲದ ಮಟ್ಟಕ್ಕೆ ಬರೋದು ತಗೋ."

ಗಂಗಾಶ್ರೀ ನೆಲಕ್ಕೆ ಮೊಣಕಾಲೂರಿ ಒಂದೊಂದೇ ಹುಟ್ಟನ್ನು ಗಲ್ಲಕ್ಕೆ ಅಳೆದು, ಚಿಕ್ಕದೊಂದನ್ನು ಆರಿಸಿದಳು. ನಜೀರ್ ಸಾಬರು ಅವಳಿಗೆ ಲೈಫ್ ಜಾಕೆಟ್ ತೊಡಿಸಿ, ಪಟ್ಟಿ ಬಿಗಿದು, ಎರಡು ಸಲ ಎಳೆದು ನೋಡಿದರು. ಅಜ್ಜಿ ಹಳೇ ಸೀರೆ ಸುತ್ತಿ ಮಾಡಿದ ಸಿಂಬೆಯನ್ನು ಅವಳ ನೆತ್ತಿಯ ಮೇಲಿಟ್ಟಳು. ಗಂಗಾಶ್ರೀ ತೆಪ್ಪವನ್ನು ತಾನೇ ಎತ್ತಿ ಬೋರಲಾಗಿ ಹೊತ್ತುಕೊಂಡಳು.

ತೆಪ್ಪದ ಕೆಳಗೆ ಕತ್ತಲು. ತನ್ನ ಪಾದ, ಮುಂದೆ ನಡೆಯುತ್ತಿದ್ದ ಅಜ್ಜಿಯ ಒಡೆದ ಹಿಮ್ಮಡಿ, ಅವಳ ಭಾರದ ಕೈಚೀಲದ ತಳ, ಇಷ್ಟೇ ಕಾಣುತ್ತಿದ್ದುದು. ಸುಹೇಲ್ ಹಿಂದೆ ಬರುತ್ತಿದ್ದ.

"ನಾನು ಹೊರ್ತಿದ್ದಾಗ ನಿಮ್ಮಜ್ಜ ಹಿಂದೆ ಬರ್ತಿದ್ರು," ಎಂದಳು ಅಜ್ಜಿ. "ಕೈ ಹಚ್ಚಂಗಿಲ್ಲ ಅಲ್ಲ? ಅದಕ್ಕೆ ಶಿವನ ಪದ ಹೇಳೋರು. ತೆಪ್ಪದೊಳಗೆ ಗುಂಯ್ ಅಂತಿತ್ತು."

"ಚೆನ್ನಾಗಿ ಹಾಡ್ತಿದ್ರಾ?"

"ಎಲ್ಲಿ! ಕೆರೆ ಕಪ್ಪೆಗಳೆಲ್ಲ ಬಾಯಿ ಮುಚ್ಕೊಳ್ಳೋವು." ಅಜ್ಜಿ ನಕ್ಕಳು. "ಆದ್ರೂ ಭಾರ ಗೊತ್ತಾಗ್ತಿರ್ಲಿಲ್ಲ."

ಏರಿ ಹತ್ತಿದಾಗ ಗಂಗಾಶ್ರೀ ತೆಪ್ಪ ಇಳಿಸಿ ನೋಡಿದಳು. ಅವಳ ಎದೆಮಟ್ಟದ ನೀರು. ಆಚೆ ದಡದ ಹತ್ತಿರ ಹಸಿರು ಎಲೆಗಳ ನಡುವೆ ಗುಲಾಬಿ ಬಣ್ಣದ ತಾವರೆಗಳು ಗಾಳಿಗೆ ತಲೆದೂಗುತ್ತಿದ್ದವು. ಅಜ್ಜಿ ಏರಿಯ ಮೇಲೆ ನಿಂತು ಕೈಮುಗಿದಳು. ಎಷ್ಟು ಹೊತ್ತಾದರೂ ಆ ಕೈ ಕೆಳಗಿಳಿಯಲಿಲ್ಲ.

ಗಂಗಾಶ್ರೀ ನೀರಿಗಿಳಿದಳು. ಮೊಣಕಾಲೂರಿ, ಹುಟ್ಟನ್ನು ಮುಂದೆ ಹಾಕಿ ನೀರನ್ನು ತನ್ನತ್ತ ಎಳೆದಳು. ತೆಪ್ಪ ಮುಂದೆ ಹೋಗುವ ಬದಲು ಬುಗುರಿಯಂತೆ ಗಿರ್‍ರನೆ ತಿರುಗಿತು! ಅವಳು ಮುಂದೆ ಬಾಗಿದರೆ ಹಿಂದಿನ ಅಂಚು ಮೇಲೇಳುತ್ತಿತ್ತು. ಎದ್ದ ಅಂಚಿಗೆ ಗಾಳಿ ಬಡಿದು ಮತ್ತೆ ತಿರುಗಿಸುತ್ತಿತ್ತು.

ಹದಿನೈದು ದಿನ ಕೆಳಗಿನ ಕೆರೆಯಲ್ಲಿ ಕಲಿತಿದ್ದಳು ನಿಜ. ಆದರೆ ಆಗೆಲ್ಲ ತೆಪ್ಪದಲ್ಲಿ ಹಿಂದೆ ನಜೀರ್ ಸಾಬರು ಕೂತಿರುತ್ತಿದ್ದರು.

"ಗಂಗೀ, ಹೂ ಆ ಕಡೆ! ನೀನು ಈ ಕಡೆ ಬರ್ತಿದೀಯ!" ಸುಹೇಲ್ ಕೂಗಿದ.

"ಗೊತ್ತು ಕಣೋ!"

ಗಾಳಿ ಅವಳನ್ನು ತಳ್ಳಿ ತಳ್ಳಿ, ಹೊರಟಲ್ಲಿಗೇ ತಂದು ಬಿಟ್ಟಿತು. ಸುಹೇಲ್ ತನ್ನಪ್ಪನ ಫೋನ್ ನೋಡಿದ. ಗಂಟೆ ಎಂಟಾಗಲು ಹತ್ತು ನಿಮಿಷ. ಗಂಗಾಶ್ರೀ ಹುಟ್ಟನ್ನು ತೆಪ್ಪದಲ್ಲಿ ಕೆಳಗಿಟ್ಟಳು.

"ಅಜ್ಜಿ, ನಾನು ಆರಿಸಿದ್ದೇ ತಪ್ಪಾಯ್ತು. ಬಿದಿರಿಂದೇ ತರ್ಬೇಕಿತ್ತು."

"ಅದನ್ನ ತಂದಿದ್ರೆ ಇನ್ನೂ ನಜೀರನ ಅಂಗಳದಾಗೇ ಕೂತಿರ್ತಿದ್ದೆ," ಎಂದಳು ಅಜ್ಜಿ. "ಹೊರೋಕೆ ಸರಿಯಾದ್ದನ್ನೇ ತಂದೀಯ. ನೀರಿಗೆ ಭಾರ ಸಾಲ್ದು, ಅಷ್ಟೇ. ಭಾರ ಮನೆಯಿಂದ ಯಾಕೆ ಹೊರ್ಬೇಕು? ಇಲ್ಲೇ ಸಾಲ ತಗೋ."

ಅಜ್ಜಿ ಏರಿಗೆ ಪೇರಿಸಿದ್ದ ಕಲ್ಲುಗಳನ್ನು ತೋರಿಸಿದಳು. "ಮೇಲಿನ ಸಾಲಿನಾಗೆ ನಾಲ್ಕು ಕಲ್ಲು ತಗೋ. ಒಂದೊಂದನ್ನೂ ಕಣ್ಣಿಗೊತ್ಕೋ. ನೀನು ಮುಂದೆ ಕೂರ್ತೀಯ, ಕಲ್ಲು ಹಿಂದೆ ಕೂರ್ಲಿ. ಎಲ್ಲಿಂದ ತೆಗೆದೆ ಅನ್ನೋದು ನೆನಪಿರ್ಲಿ. ಏರಿ ಕಲ್ಲು ಕೆರೇದು. ಬಂದ ಕೂಡ್ಲೆ ಅಲ್ಲೇ ಇಡ್ಬೇಕು."

ಗಂಗಾಶ್ರೀ ನಾಲ್ಕು ಕಲ್ಲು ಆಯ್ದಳು. ಜಾರದಂತೆ ಕೆಳಗೆ ಸೊಪ್ಪು ಹಾಸಿ, ತೆಪ್ಪದ ಹಿಂಬದಿಯಲ್ಲಿಟ್ಟಳು. "ಸಾಲ ತಗೊಂಡಿದೀನಿ ತಾಯಿ," ಎಂದು ಮೆಲ್ಲಗೆ ಹೇಳಿ ಮತ್ತೆ ಹೊರಟಳು.

ಈ ಸಲ ತೆಪ್ಪ ನೀರಿನಲ್ಲಿ ಎಮ್ಮೆ ಮಲಗಿದ ಹಾಗೆ ಗಟ್ಟಿಯಾಗಿ ಕೂತಿತು. ಗಾಳಿ ಬಂತು, ಸ್ವಲ್ಪ ಓಲಾಡಿಸಿತು, ಹೋಯಿತು. ಹುಟ್ಟು ಎಳೆದಷ್ಟೂ ತೆಪ್ಪ ಮುಂದೆ ನಡೆಯಿತು.

ತಾವರೆ ಎಲೆಗಳ ನಡುವೆ ಹೋದಾಗ ಸುತ್ತ ಸದ್ದೇ ಇಲ್ಲ. ಎಲೆಗಳ ಮೇಲೆ ನಿಂತಿದ್ದ ರಾತ್ರಿಯ ಮಳೆನೀರು ಅತ್ತಿತ್ತ ಉರುಳುತ್ತಿತ್ತು. ಗಂಗಾಶ್ರೀ ಕೈ ಮುಳುಗಿಸಿ ದಂಟನ್ನು ಬಗ್ಗಿಸಿ ಮುರಿದಳು. ತಣ್ಣಗಿನ ಪರಿಮಳ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಪರಿಮಳ ಅಜ್ಜಿಯ ಕೈಗೂ ಅಂಟಿರಬೇಕು ಎನಿಸಿತು. ಒಂದು, ಎರಡು, ಮೂರು... ಹನ್ನೊಂದು ಹೂಗಳಾದ ಮೇಲೆ ತೆಪ್ಪ ತಿರುಗಿಸಿದಳು.

ಅವಳು ದಡ ಮುಟ್ಟಿದ್ದೇ ತಡ, ಸುಹೇಲ್ ಕುಣಿದಾಡಿದ. "ಎಂಟೂ ಹದಿನೆಂಟು! ನಿಮ್ಮಪ್ಪಂಗೆ ಬೈಕ್ ತೆಗೀಬೇಡಿ ಅಂತ ಹೇಳ್ತೀನಿ!" ಎನ್ನುತ್ತ ಏರಿ ಇಳಿದು ಓಡಿಯೇಬಿಟ್ಟ.

ಗಂಗಾಶ್ರೀ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು, ತೆಗೆದಲ್ಲೇ ಕೂರಿಸಿದಳು. ನಾಲ್ಕನೆಯದನ್ನು ಇಟ್ಟು ತಿರುಗಿದಾಗ, ಅಜ್ಜಿ ತನ್ನ ಕೈಚೀಲ ಬಿಚ್ಚುತ್ತಿದ್ದಳು. ಚೀಲದಿಂದ ಒಂದು ಕಲ್ಲು ಹೊರಬಂತು. ತೆಂಗಿನಕಾಯಿಯಷ್ಟು ದಪ್ಪ, ಒಂದು ಬದಿ ಹೊಗೆ ಹಿಡಿದು ಕಪ್ಪಾಗಿತ್ತು. ಗಂಗಾಶ್ರೀಗೆ ಗುರುತು ಸಿಕ್ಕಿತು. ಬಚ್ಚಲ ಮನೆಯ ಹಂಡೆಯ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಕಲ್ಲು.

"ಅಜ್ಜಿ, ಇದೂ ಕೆರೇದಾ?"

"ಹ್ಞೂಂ. ಕೊನೇ ಸಲ ಬಂದಾಗ ಜೋರು ಮಳೆ ಹುಯ್ತು. ಮೂರು ಕಲ್ಲು ವಾಪಸ್ ಇಟ್ಟೆ, ಒಂದು ತೆಪ್ಪದಾಗೇ ಉಳೀತು. ಮುಂದಿನ ವರ್ಷ ಹೂವಿಗೆ ಬರ್ತೀನಲ್ಲ, ಆವಾಗ ಇಟ್ರಾಯ್ತು ಅಂದ್ಕೊಂಡೆ."

ಅಪ್ಪ ದಿನಾ ಇದೇ ದಾರಿಯಲ್ಲಿ ಗದ್ದೆಗೆ ಹೋಗುತ್ತಾನೆ. ಅವನ ಕೈಯಲ್ಲಿ ಯಾಕೆ ಕೊಟ್ಟು ಕಳಿಸಲಿಲ್ಲ? ಗಂಗಾಶ್ರೀ ಕೇಳಬೇಕೆಂದಿದ್ದಳು. ಅಷ್ಟರಲ್ಲಿ ಅಜ್ಜಿಯ ಮುಖ ನೋಡಿ ಅವಳಿಗೇ ಹೊಳೆಯಿತು. ಕಲ್ಲು ಮನೆಯಲ್ಲಿ ಇದ್ದಷ್ಟು ದಿನವೂ ಅಜ್ಜಿ ಕೆರೆಗೆ ಇನ್ನೊಂದು ಸಲ ಬರಬೇಕಾದವಳೇ ಆಗಿದ್ದಳು.

ಅಜ್ಜಿ ಸೊಂಟ ಹಿಡಿದು ಬಗ್ಗಿದಳು. ಸಹಾಯಕ್ಕೆ ಮುಂದಾದ ಗಂಗಾಶ್ರೀ ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ಹಳೆಯ ಜಾಗ ಈಗ ಎಲ್ಲಿದೆಯೋ. ಅಜ್ಜಿ ಎರಡು ಕಲ್ಲುಗಳ ನಡುವೆ ಒಂದು ಸಂದಿ ಹುಡುಕಿದಳು. ಕಲ್ಲನ್ನು ಕಣ್ಣಿಗೊತ್ತಿಕೊಂಡಳು. ಆ ಸಂದಿಯಲ್ಲಿಟ್ಟು, ಅಲ್ಲಾಡುವುದು ನಿಲ್ಲುವ ತನಕ ಎರಡೂ ಕೈಯಲ್ಲಿ ಒತ್ತಿ ಹಿಡಿದಳು.